ಹಿರಿಯರೊಡನೆ ಹತ್ತು ನಿಮಿಷ

ಚೆನ್ನೈನಲ್ಲಿ ಕನ್ನಡ ಪಾಠ ಹೇಳಿ ಬದುಕುತ್ತೇನೆ ಎಂದರೆ ಮೈಸೂರಿನ ಕಡೆಯ ನೆಂಟರು ಯಾರಿಗೆ ಎಂದು ಕೇಳುತ್ತಾರೆ. ಆಮೇಲೆ ಸಂಬಳ ಕೊಡುತ್ತಾರಾ ಎಂದು ಕೇಳುತ್ತಾರೆ. ಕೊಡುತ್ತಾರೆ. ಇಲ್ಲಿಯ ಒಂದು ಖಾಸಗಿ ಕಾಲೇಜು ಆನ್‌ಲೈನ್‌ನಲ್ಲಿ ಬಿ.ಕಾಂ. ನಡೆಸುತ್ತದೆ. ಅದರಲ್ಲಿ ಭಾಷೆಯ ಪತ್ರಿಕೆ ಒಂದಿರಲೇಬೇಕು. ತಮಿಳು, ಹಿಂದಿ, ಫ್ರೆಂಚ್ ಜೊತೆಗೆ ಕನ್ನಡವನ್ನೂ ಇಟ್ಟಿದ್ದಾರೆ. ಕನ್ನಡ ತೆಗೆದುಕೊಳ್ಳುವವರೆಲ್ಲ ಇಲ್ಲಿಗೆ ಬಂದು ನೆಲೆಸಿದ ಕನ್ನಡದ ಮನೆಗಳ ಮಕ್ಕಳು. ಮನೆಮಾತು ತಾನೇ, ಓದದೆಯೂ ಪಾಸಾಗಬಹುದು ಎಂದು ಅಪ್ಪ ಅಮ್ಮ ಸೇರಿಸಿಬಿಡುತ್ತಾರೆ. ಓದದೆ ಪಾಸಾಗಬಹುದೋ ಇಲ್ಲವೋ ಎನ್ನುವುದನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಮೈಲಾಪೂರಿನ ನಮ್ಮ ಹಳೆಯ ಫ್ಲಾಟಿನ ಊಟದ ಮೇಜೇ ನನ್ನ ತರಗತಿ. ಬೆಳಿಗ್ಗೆ ಹೆಂಡತಿ ಇನ್ಶೂರೆನ್ಸ್ ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ಸಾರಿನ ಪಾತ್ರೆ ಸರಿಸಿ ಲ್ಯಾಪ್‌ಟಾಪ್ ಇಡುತ್ತೇನೆ. ನನ್ನ ಬೆನ್ನ ಹಿಂದೆ ಒಗೆದ ಬಟ್ಟೆ ಒಣಗುವುದು ಮಕ್ಕಳಿಗೆ ಕಾಣಬಾರದೆಂದು ಹೆಂಡತಿ ಅಲ್ಲಿಗೊಂದು ಪರದೆ ಕಟ್ಟಿದ್ದಾಳೆ. ಅಷ್ಟು ಕಷ್ಟಪಡಬೇಕಾಗಿರಲಿಲ್ಲ. ಪಾಠದ ಹೊತ್ತಿಗೆ ಮಕ್ಕಳು ಕ್ಯಾಮೆರಾ ಆರಿಸಿರುತ್ತಾರೆ, ಬಹುಶಃ ತಾವೂ ಎದ್ದು ಹೋಗಿರುತ್ತಾರೆ. ಕಪ್ಪು ಚೌಕಗಳಿಗೆ ನಾನು ಅರ್ಥ ಹೇಳುತ್ತೇನೆ. ಅರ್ಥವಾಯಿತಾ ಎಂದರೆ ಒಂದು ಚೌಕದಿಂದ ಹೆಬ್ಬೆರಳು ಮೇಲೇಳುತ್ತದೆ. ಎಷ್ಟೋ ಸೆಮಿಸ್ಟರ್ ಹೀಗೇ ಕಳೆದಿವೆ, ನನಗೆ ಬೇಸರವೇನೂ ಇಲ್ಲ.

ಬೇಸರ ಬರುವುದು ಕೊನೆಯ ಪರೀಕ್ಷೆಯಲ್ಲಿ. ಮೊದಮೊದಲು ಕ್ಯಾಮೆರಾ ಮುಂದೆ ಕೂತು ಬರೆಯುವ ಪರೀಕ್ಷೆ ಇತ್ತು. ಯಾರು ಮೋಸ ಮಾಡುತ್ತಿದ್ದಾರೆಂದು ಒಂದು ಸಾಫ್ಟ್‌ವೇರ್ ಪತ್ತೆ ಮಾಡುತ್ತಿತ್ತು. ಅದಕ್ಕೆ ಕೆಂಪು ಗುರುತು ಹಾಕುವುದೊಂದೇ ಗೊತ್ತು. ಯೋಚಿಸುತ್ತಾ ಮೇಲೆ ನೋಡಿದ ಹುಡುಗನಿಗೆ ಕೆಂಪು. ಫ್ಯಾನಿನ ನೆರಳು ಗೋಡೆಯ ಮೇಲೆ ತಿರುಗಿದ್ದಕ್ಕೆ ಕೆಂಪು. ಮಗನಿಗೆ ಕಾಫಿ ತಂದಿಟ್ಟು ಹೋದ ತಾಯಿಯನ್ನು ಅದು ಅನುಮಾನಾಸ್ಪದ ವ್ಯಕ್ತಿ ಎಂದು ದಾಖಲಿಸಿತು. ಇಡೀ ತರಗತಿಯೇ ಕೆಂಪಾದ ಮೇಲೆ ಕಾಲೇಜಿನವರು ಅದನ್ನು ಕೈಬಿಟ್ಟರು.

ಆಮೇಲೆ ಮನೆಯಲ್ಲೇ ಪ್ರಬಂಧ ಬರೆದು ಕಳುಹಿಸಲಿ ಎಂದಾಯಿತು. 'ನನ್ನ ಬಾಲ್ಯ' ಎಂದು ಕೊಟ್ಟೆ. ಬಂದ ಪ್ರಬಂಧಗಳಲ್ಲಿ ಎಲ್ಲರ ಬಾಲ್ಯವೂ ಜೀವನದ ಸುವರ್ಣ ಅಧ್ಯಾಯವಾಗಿತ್ತು, ಎಲ್ಲರಿಗೂ ಮೌಲ್ಯಗಳನ್ನು ಕಲಿಸಿತ್ತು. ತರಗತಿಯಲ್ಲಿ 'ಅಂಗಡಿ' ಎಂಬ ಪದವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದ ಹುಡುಗ 'ತನ್ಮೂಲಕ', 'ಅಂತೆಯೇ' ಎಂದೆಲ್ಲ ಬರೆದಿದ್ದ. ಒಂದೇ ಒಂದು ಕಾಗುಣಿತದ ತಪ್ಪು ಇರಲಿಲ್ಲ. ಯಂತ್ರದಿಂದ ಬರೆಸಿದ್ದೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವನಿಗೂ ಗೊತ್ತು. ರುಜುವಾತು ಮಾಡುವ ದಾರಿ ಇಲ್ಲದೆ ಕೈಕಟ್ಟಿ ಕೂತು ಮೊದಲ ದರ್ಜೆ ಕೊಟ್ಟೆ. ಆ ವಾರವೆಲ್ಲ ನನಗೆ ಮೈ ಉರಿಯುತ್ತಿತ್ತು. ಹೆಂಡತಿ ಎರಡು ಸಲ ಬಿ.ಪಿ. ನೋಡಿಸಿಕೊಂಡು ಬನ್ನಿ ಎಂದಳು.

ಹಾಗೆ ಉರಿದು ಉರಿದೇ ಹೊಸ ಪರೀಕ್ಷೆ ಹೊಳೆಯಿತು. ನಿಮ್ಮ ಮನೆಯ ಹಿರಿಯರೊಬ್ಬರೊಡನೆ ಹತ್ತು ನಿಮಿಷ ಮಾತಾಡಿ, ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳುಹಿಸಿ. ವಿಷಯ ಯಾವುದಾದರೂ ಆಗಲಿ. ಪ್ರಬಂಧವನ್ನು ಯಂತ್ರ ಬರೆದೀತು, ಅಜ್ಜಿಯನ್ನು ಎಲ್ಲಿಂದ ತಂದೀತು ಎಂದು ನನ್ನ ಲೆಕ್ಕಾಚಾರ. ಇಂಥದೊಂದು ಉಪಾಯ ಇಡೀ ಕಾಲೇಜಿನಲ್ಲಿ ಯಾರಿಗೂ ಹೊಳೆದಿರಲಿಲ್ಲ ಎಂದು ಸ್ವಲ್ಪ ಜಂಬವೂ ಬಂತು.

ಪರೀಕ್ಷೆಗಳನ್ನು ನೋಡಿಕೊಳ್ಳುವ ಕೋ-ಆರ್ಡಿನೇಟರ್ ತಮಿಳು ಹೆಂಗಸು, ಬಹಳ ಶಿಸ್ತಿನವರು. ಅವರಿಗೆ ರೂಬ್ರಿಕ್ ಬೇಕು. ರೂಬ್ರಿಕ್ ಎಂದರೆ ಯಾವುದಕ್ಕೆ ಎಷ್ಟು ಅಂಕ ಎಂದು ಮೊದಲೇ ಹಾಕಿಡುವ ಕೋಷ್ಟಕ. ನಾನು ಖುಷಿಯಿಂದ ಹಾಕಿಕೊಟ್ಟೆ. ಕೇಳಿ ತಿಳಿಯುವುದಕ್ಕೆ ಇಷ್ಟು, ಸರಾಗವಾಗಿ ಮಾತಾಡುವುದಕ್ಕೆ ಇಷ್ಟು, ಪದಗಳಿಗೆ ಇಷ್ಟು. ಕೊನೆಗೊಂದು ಷರತ್ತನ್ನೂ ಸೇರಿಸಿದೆ. ಅಜ್ಜಿಯಿಂದ ಮಾತಾಡಿಸಿ ತಾವು ಹೂಂಗುಟ್ಟುವ ಜಾಣರು ಇರುತ್ತಾರಲ್ಲ, ಅದಕ್ಕೆ. ಸಂಭಾಷಣೆಯಲ್ಲಿ ಅರ್ಧದಷ್ಟಾದರೂ ವಿದ್ಯಾರ್ಥಿಯ ಕನ್ನಡ ಇರಬೇಕು, ಇಲ್ಲದಿದ್ದರೆ ಬೇರೆ ಅಂಕ ಎಷ್ಟೇ ಬಂದರೂ ಫೇಲು. ಪೋರ್ಟಲ್‌ನಲ್ಲಿ ಹಾಕಿದ ಮೇಲೆ ರೂಬ್ರಿಕ್ ಬದಲಾಯಿಸಲು ಆಗದಂತೆ ಲಾಕ್ ಮಾಡಿ ಎಂದೂ ನಾನೇ ಹೇಳಿದೆ. ಮಕ್ಕಳು ಗೋಳಾಡುತ್ತಾರೆ, ನನ್ನ ಮನಸ್ಸು ಕರಗಬಾರದು ಎಂದೆ. ಅವರು ಮೆಚ್ಚಿಕೊಂಡು ಲಾಕ್ ಮಾಡಿದರು.

ರೆಕಾರ್ಡಿಂಗ್‌ಗಳು ಬಂದವು. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊದಲನೆಯದನ್ನು ಹಾಕಿದೆ. ಅಂಬಾಸಮುದ್ರದ ಕಡೆ ಕೆಲಸ ಮಾಡಿ ನಿವೃತ್ತರಾದ ತಾತ ಒಬ್ಬರು, ಅವರ ಮೊಮ್ಮಗ. ತಾತ ಮೊಣಕಾಲು ನೋವಿನ ಕತೆ ಹೇಳುತ್ತಾರೆ. ಯಾವ ಡಾಕ್ಟರ ಹತ್ತಿರ ಹೋದಿರಿ, ಏನಂದರು ಎಂದು ಮೊಮ್ಮಗ ವಿಚಾರಿಸುತ್ತಾನೆ. ಡಾಕ್ಟರ ಮೇಲೆ ತಾತ ರೇಗುತ್ತಾರೆ, ಮೊಮ್ಮಗ ಸಮಾಧಾನ ಮಾಡುತ್ತಾನೆ. ಎಲ್ಲೂ ತಡವರಿಕೆ ಇಲ್ಲ. ಎಷ್ಟು ಚೆನ್ನಾಗಿದೆ, ಮನೆಯೊಳಗೆ ಕೂತು ಕೇಳಿದ ಹಾಗಿದೆ ಎಂದುಕೊಂಡೆ. ಪೂರ್ತಿ ಕೇಳಿ ಮುಗಿಸಿ, ಅಂಕ ಹಾಕಲು ರೂಬ್ರಿಕ್ ತೆರೆದೆ. ವಿದ್ಯಾರ್ಥಿ ಆಡಿದ ಕನ್ನಡ ಎಷ್ಟು ಎಂದು ಕೇಳಿತು. ಮತ್ತೆ ಮೊದಲಿಂದ ಕೇಳಿದೆ. ತಾತ ಆಡಿದ್ದೆಲ್ಲ ಕನ್ನಡ. ಮೊಮ್ಮಗ ಆಡಿದ್ದೆಲ್ಲ ತಮಿಳು.

ಎರಡನೆಯದನ್ನು ಹಾಕಿದೆ. ಅದೂ ಹಾಗೇ. ಮೂರನೆಯದರಲ್ಲಿ ಹುಡುಗಿ 'ಅಜ್ಜಿ' ಎಂದು ಕನ್ನಡದಲ್ಲಿ ಕರೆದು, ಉಳಿದದ್ದನ್ನು ತಮಿಳಿನಲ್ಲಿ ಕೇಳಿದ್ದಳು. ಬರುತ್ತಾ ಬರುತ್ತಾ ಹೆಚ್ಚುಕಡಿಮೆ ಎಲ್ಲವೂ ಒಂದೇ. ಒಬ್ಬ ಅಪ್ಪ ಹತ್ತು ನಿಮಿಷವೂ ಮಗನನ್ನು ಅಚ್ಚ ಕನ್ನಡದಲ್ಲಿ ಬೈದಿದ್ದರು, ಮಗ ಅಚ್ಚ ತಮಿಳಿನಲ್ಲಿ ಎದುರುತ್ತರ ಕೊಟ್ಟಿದ್ದ. ಜಗಳಕ್ಕೆ ಎಲ್ಲೂ ಅಡ್ಡಿ ಬಂದಿರಲಿಲ್ಲ. ಅಂಕ ಕೊಡುವುದು ಹಿರಿಯರಿಗಾಗಿದ್ದರೆ ಎಲ್ಲರನ್ನೂ ಡಿಸ್ಟಿಂಕ್ಷನ್‌ನಲ್ಲಿ ಪಾಸು ಮಾಡಬಹುದಾಗಿತ್ತು.

ಮೋಸವೂ ಇತ್ತು, ಇಲ್ಲವೆನ್ನುವುದಿಲ್ಲ. ನಮ್ಮ ಮೈಲಾಪೂರಿನದೇ ಒಂದು ಅಪಾರ್ಟ್‌ಮೆಂಟಿನಿಂದ ಬಂದ ರೆಕಾರ್ಡಿಂಗ್‌ಗಳಲ್ಲಿ ಒಬ್ಬರೇ ಅಜ್ಜಿ ಮತ್ತೆ ಮತ್ತೆ ಕೇಳಿಸಿದರು. ಆ ಕಟ್ಟಡದಲ್ಲಿ ಇದ್ದ ಕನ್ನಡದ ಅಜ್ಜಿ ಅವರೊಬ್ಬರೇ ಇರಬೇಕು, ಎಲ್ಲರೂ ಹಂಚಿಕೊಂಡಿದ್ದರು. ಸಿಕ್ಕಿಬಿದ್ದದ್ದು ಧ್ವನಿಯಿಂದಲ್ಲ. ಮೊಮ್ಮಗನನ್ನು ಅಜ್ಜಿ "ನೀನು ಯಾರ ಮಗನಪ್ಪಾ?" ಎಂದು ಕೇಳಿದ್ದರಿಂದ.

ಸಂಜೆ ಹೆಂಡತಿ ಬಂದಾಗ ಇದನ್ನೆಲ್ಲ ಹೇಳಿದೆ. ಅವಳು ಚಪ್ಪಲಿ ಬಿಡುತ್ತಾ ಕೇಳಿಸಿಕೊಂಡು, ನಮ್ಮ ಮನೆಯಲ್ಲಿ ನಡೆಯುವುದೂ ಅದೇ ಅಲ್ಲವಾ ಎಂದಳು. ನಾನು ಇಲ್ಲ ಎಂದೆ. ಅಷ್ಟರಲ್ಲಿ ಮಗಳು ಟ್ಯೂಷನ್‌ನಿಂದ ಬಂದಳು. ಊಟಕ್ಕೆ ಏನು ಮಾಡಲಿ ಎಂದು ನಾನು ಕನ್ನಡದಲ್ಲಿ ಕೇಳಿದೆ. ದೋಸೆ ಸಾಕು, ನಾಳೆ ಟೆಸ್ಟ್ ಇದೆ, ಬೇಗ ಕೊಡಿ ಎಂದು ಅವಳು ತಮಿಳಿನಲ್ಲಿ ಹೇಳಿ ಕೋಣೆಗೆ ಹೋದಳು. ಹೆಂಡತಿ ದೋಸೆ ಹಿಟ್ಟಿನ ಪಾತ್ರೆ ತಂದು ನನ್ನ ಮುಂದಿಟ್ಟಳು. ಇಷ್ಟು ವರ್ಷ ಇದೇ ಮನೆಯಲ್ಲಿದ್ದು ಇಂಥ ಪ್ರಶ್ನೆಪತ್ರಿಕೆ ತಯಾರಿಸಲು ನನ್ನಿಂದ ಮಾತ್ರ ಸಾಧ್ಯ. ಅದನ್ನು ಅವಳು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮಾರನೆಯ ದಿನ ಕೋ-ಆರ್ಡಿನೇಟರಿಗೆ ಫೋನ್ ಮಾಡಿ, ಆ ಷರತ್ತನ್ನು ಸ್ವಲ್ಪ ಸಡಿಲಿಸೋಣ ಎಂದೆ. ಲಾಕ್ ಆಗಿದೆ ಸಾರ್ ಎಂದರು. ತೆಗೆಯಲಾಗುವುದಿಲ್ಲವೇ ಎಂದೆ. ತೆಗೆಯಬಾರದೆಂದು ನೀವೇ ಹೇಳಿದ್ದಿರಿ, ಮೀಟಿಂಗಿನ ಮಿನಿಟ್ಸ್‌ನಲ್ಲಿ ಬರೆದಿದೆ ಎಂದರು. ಕೆಲವು ಚುರುಕಾದ ಮಕ್ಕಳನ್ನು ಬಿಟ್ಟು ಮಿಕ್ಕವರೆಲ್ಲ ಫೇಲಾದರು. ಅವರಿಗೆಲ್ಲ ಮುಂದಿನ ತಿಂಗಳು ಮತ್ತೊಂದು ಅವಕಾಶವಿತ್ತು, ಇದೇ ರೂಬ್ರಿಕ್‌ನಲ್ಲಿ.

ಫೇಲಾದವರಲ್ಲಿ ಒಬ್ಬಳ ರೆಕಾರ್ಡಿಂಗ್ ಮಾತ್ರ ತಲೆಯಿಂದ ಹೋಗಿರಲಿಲ್ಲ. ಇದೇ ಊರಿನ ಸೌಕಾರ್‌ಪೇಟೆಯ ಹುಡುಗಿ, ಬಾಗಲಕೋಟೆ ಕಡೆಯ ಲಿಂಗಾಯತರ ಮನೆ. ಕೆಳಗೆ ಅಪ್ಪನ ಬಳೆಯ ಸಗಟು ಅಂಗಡಿ, ಮೇಲೆ ಮನೆ. ತಾತ ಹೋದ ಮೇಲೆ ಅಜ್ಜಿಯನ್ನು ಊರಿನಿಂದ ಇಲ್ಲಿಗೆ ಕರೆತಂದಿದ್ದರು. ಅಷ್ಟೂ ರೆಕಾರ್ಡಿಂಗ್‌ಗಳಲ್ಲಿ ಅದಕ್ಕಿಂತ ಒಳ್ಳೆಯ ಮಾತುಕತೆ ಇರಲಿಲ್ಲ. ಹುಡುಗಿ ತಾನು ಹೋಗಿದ್ದ ಕೆಲಸದ ಇಂಟರ್‌ವ್ಯೂ ಕತೆ ಹೇಳುತ್ತಾಳೆ. ಪ್ರಶ್ನೆ ಕೇಳಿದವರ ದನಿ, ಅವರ ಕೆಮ್ಮು, ಎ.ಸಿ. ಚಳಿಗೆ ತಾನು ನಡುಗಿದ್ದು, ಎಲ್ಲವನ್ನೂ ತಮಿಳಿನಲ್ಲಿ ಪಟಪಟನೆ ಅಭಿನಯಿಸುತ್ತಾಳೆ. ಅಜ್ಜಿ ಬಿದ್ದು ಬಿದ್ದು ನಗುತ್ತಾರೆ. ನಾನೂ ಕಾಫಿ ಬಿಟ್ಟು ನಕ್ಕೆ. ಕೆಲಸ ಸಿಕ್ಕಿತು, ಅಂಬತ್ತೂರಿನಲ್ಲಿ, ಟ್ರೈನಿನಲ್ಲಿ ಹೋಗಬೇಕು ಎಂದು ಹುಡುಗಿ ಮುಗಿಸುತ್ತಾಳೆ. ಒಳ್ಳೆಯದಾಯಿತು, ಹೊತ್ತಿಗೆ ಸರಿಯಾಗಿ ಉಣ್ಣು, ಒಬ್ಬಳೇ ತಿರುಗಬೇಡ ಎಂದು ಅಜ್ಜಿ ಹರಸುತ್ತಾರೆ. ಭಾಷೆ ಬೇರೆ ಬೇರೆಯಾದರೂ ಇಬ್ಬರ ನಡುವೆ ಕೂದಲೆಳೆಯಷ್ಟೂ ಅಂತರವಿಲ್ಲ ಎಂದು ನನಗೆ ಅನ್ನಿಸಿತ್ತು. ಹಾಗೆ ಅನ್ನಿಸಿದ್ದಕ್ಕೆ ರೂಬ್ರಿಕ್‌ನಲ್ಲಿ ಅಂಕ ಇರಲಿಲ್ಲ. ಅವಳು ಆಡಿದ ಕನ್ನಡವೆಂದರೆ ನಡುನಡುವಿನ 'ಹೂಂ' ಮಾತ್ರ. ಅದನ್ನು ಕನ್ನಡವೆಂದು ಎಣಿಸಲು ಮನಸ್ಸಿತ್ತು. ಆದರೆ ತಮಿಳರೂ ಹೂಂ ಅನ್ನುತ್ತಾರೆ.

ಫಲಿತಾಂಶ ಬಂದ ಮೇಲೆ ಆ ಹುಡುಗಿ ಫೋನ್ ಮಾಡಿದಳು. ಅವಳು ತಮಿಳಿನಲ್ಲಿ ಮಾತಾಡಿದಳು, ನಾನು ಕನ್ನಡದಲ್ಲಿ. ಇಬ್ಬರಿಗೂ ಅದೇನೂ ತೊಂದರೆಯೆನ್ನಿಸಲಿಲ್ಲ. ಉಳಿದ ಪತ್ರಿಕೆಗಳೆಲ್ಲ ಪಾಸಾಗಿವೆ, ಇದೊಂದೇ ಅರಿಯರ್ ನಿಂತಿದೆ ಎಂದಳು. ಬಾಕಿ ಉಳಿದ ಪತ್ರಿಕೆಗೆ ಈ ಊರಿನಲ್ಲಿ ಅರಿಯರ್ ಎನ್ನುತ್ತಾರೆ. ಮಾರ್ಕ್ಸ್ ಕಾರ್ಡ್ ಕೊಡದೆ ಕಂಪನಿಯವರು ಸೇರಿಸಿಕೊಳ್ಳುವುದಿಲ್ಲ. ಮುಂದಿನ ತಿಂಗಳ ಪರೀಕ್ಷೆಯಲ್ಲೂ ಹೋದರೆ ಆ ಕೆಲಸವೂ ಹೋಯಿತು, ಅಪ್ಪ ಅಂಗಡಿಯಲ್ಲಿ ಕೂರಿಸುತ್ತಾರೆ. ಬಳೆ ಅಂಗಡಿಯಲ್ಲಿ ಕೂರುವುದು ತನಗೆ ಸುತರಾಂ ಬೇಡ. ಇದನ್ನೆಲ್ಲ ಅವಳು ಅಳದೆ, ಒಂದೇ ಉಸಿರಿಗೆ ಹೇಳಿದಳು.

ಅಷ್ಟು ಚೆನ್ನಾಗಿ ಕನ್ನಡ ತಿಳಿಯುತ್ತದೆ, ಆಡುವುದಕ್ಕೆ ಏನು ದಾಡಿ ಎಂದು ಕೇಳಿದೆ. ಸ್ವಲ್ಪ ಗಡುಸಾಗಿಯೇ ಕೇಳಿದೆ. ಅವಳು ಹೇಳಿದ್ದು ಇಷ್ಟು. ಚಿಕ್ಕವಳಿದ್ದಾಗ ರಜೆಗೆ ಅಜ್ಜಿಯ ಊರಿಗೆ ಹೋಗುತ್ತಿದ್ದಳು. ಅವಳು ಬಾಯಿ ತೆರೆದರೆ ಸಾಕು, ಅಲ್ಲಿಯ ಅಣ್ಣ ಅಕ್ಕಂದಿರು ಓಣಿಯವರನ್ನೆಲ್ಲ ಕರೆದು ಕೇಳಿಸಿ ನಗುತ್ತಿದ್ದರು. ಇನ್ನೊಂದು ಸಲ ಹೇಳು ಎಂದು ಪೀಡಿಸುತ್ತಿದ್ದರು. ಅಜ್ಜಿಯೂ ಸೆರಗು ಬಾಯಿಗೆ ಹಿಡಿದು ನಕ್ಕಿದ್ದರು. ಒಂದು ರಜೆಯಲ್ಲಿ ಅವಳು ಮಾತು ನಿಲ್ಲಿಸಿದಳು, ಮತ್ತೆ ಶುರುಮಾಡಲಿಲ್ಲ. ಕಾಲೇಜಿನಲ್ಲಿ ಕನ್ನಡ ತೆಗೆದುಕೊಂಡದ್ದು ಅಜ್ಜಿಗೆ ಖುಷಿಯಾಗಲೆಂದು. ಫೇಲಾದದ್ದನ್ನು ಅಜ್ಜಿಗೆ ಇನ್ನೂ ಹೇಳಿರಲಿಲ್ಲ.

ನನಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದರೆ ನನ್ನ ದನಿ ಇನ್ನಷ್ಟು ಗಡುಸಾಗುತ್ತದೆ, ಅದು ನನ್ನ ಸ್ವಭಾವ. ಒಂದು ಅಂಕವನ್ನೂ ನಾನು ಸುಮ್ಮನೆ ಕೊಡುವವನಲ್ಲ ಎಂದೆ. ಆಮೇಲೆ ಹೇಳಿದೆ:

"ನೋಡಮ್ಮ, ತಪ್ಪು ಕನ್ನಡಕ್ಕೆ ಅಂಕ ಇದೆ. ಆಡದೇ ಇದ್ದ ಕನ್ನಡಕ್ಕೆ ನಾನು ಎಲ್ಲಿಂದ ಅಂಕ ತರಲಿ?"

ಸರಿ ಸಾರ್ ಎಂದು ಫೋನ್ ಇಟ್ಟುಬಿಟ್ಟಳು.

ನಡುವಿನ ಆ ದಿನಗಳಲ್ಲಿ ನನಗೂ ಒಂದು ಹುಕಿ ಬಂದು, ಇನ್ನುಮುಂದೆ ಊಟದ ಹೊತ್ತಿಗೆ ಎಲ್ಲರೂ ಕನ್ನಡದಲ್ಲೇ ಮಾತಾಡಬೇಕು ಎಂದು ಮನೆಯಲ್ಲಿ ಕಟ್ಟಪ್ಪಣೆ ಹೊರಡಿಸಿದೆ. ಮೊದಲ ದಿನ ಮಗಳು ಮಾತೇ ಆಡಲಿಲ್ಲ. ಎರಡನೆಯ ದಿನ "ಅಪ್ಪಾ, ದಯವಿಟ್ಟು ಉಪ್ಪನ್ನು ನೀಡಬೇಕಾಗಿ ವಿನಂತಿ" ಎಂದಳು. ರೈಲ್ವೆ ಸ್ಟೇಷನ್ನಿನಲ್ಲಿ ಪ್ರಕಟಣೆ ಕೇಳುತ್ತಾ ಊಟ ಮಾಡಿದ ಹಾಗಾಯಿತು. ಮೂರನೆಯ ದಿನ ಹೆಂಡತಿ ಊಟದ ಮೇಜನ್ನು ಪಾಠಕ್ಕೆ ಮಾತ್ರ ಬಳಸಿಕೊಳ್ಳಿ ಎಂದು ಹೇಳಿ ಮಗಳ ತಟ್ಟೆಯನ್ನು ಟಿ.ವಿ. ಮುಂದೆ ಕೊಟ್ಟಳು. ಅಪ್ಪಣೆಯನ್ನು ವಾಪಸು ಪಡೆದೆ. ಪರೀಕ್ಷೆ ಮಾಡಿದರೆ ಮಾತು ಸಾಯುತ್ತದೆ ಎಂದು ನನಗೆ ಆ ವಾರ ಮನದಟ್ಟಾಯಿತು. ಇದನ್ನು ಕೋ-ಆರ್ಡಿನೇಟರಿಗೆ ಹೇಳಲಿಲ್ಲ, ಹೇಳಿದ್ದರೆ ಕೆಲಸದ ಗತಿ ಏನು.

ಮರುಪರೀಕ್ಷೆಯ ಪ್ರಶ್ನೆಗೆ ನಾನು ಒಂದು ಸಾಲು ಸೇರಿಸಿದ್ದೆ. ಹಿರಿಯರನ್ನು ನೀವು ಇದುವರೆಗೆ ಕೇಳದ ಒಂದು ಪ್ರಶ್ನೆ ಕೇಳಿ. ಕೊನೆಪಕ್ಷ ಊಟವಾಯಿತಾ, ನಿದ್ದೆ ಬಂತಾ ಎನ್ನುವುದನ್ನು ದಾಟಿ ಮಾತು ಮುಂದೆ ಹೋಗಲಿ ಎಂದು.

ಈ ಸಲ ಬಂದವುಗಳಲ್ಲಿ ಮುಕ್ಕಾಲು ಪಾಲು ನಾಟಕ. ಹಾಳೆ ತಿರುವುವ ಸದ್ದು ಕೇಳುತ್ತಿತ್ತು. ಒಬ್ಬ ಹುಡುಗ "ತಾತಾ, ತಮ್ಮ ಯೌವನದ ದಿನಗಳು ಹೇಗಿದ್ದವು?" ಎಂದು ಓದಿದ. ತಾತ "ಯಾಕೋ, ಹುಷಾರಿಲ್ವಾ?" ಎಂದರು. ಕನ್ನಡ ಅರ್ಧದಷ್ಟಿತ್ತು, ಪಾಸು ಮಾಡಿದೆ. ಅಪಾರ್ಟ್‌ಮೆಂಟಿನ ಅಜ್ಜಿ ಈ ಸಲ ತಮ್ಮ ಸ್ವಂತ ಮೊಮ್ಮಗನ ಜೊತೆ ಮಾತ್ರ ಇದ್ದರು. ಬಹಳ ಸುಸ್ತಾದ ಹಾಗಿತ್ತು.

ಸೌಕಾರ್‌ಪೇಟೆಯದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಮಧ್ಯಾಹ್ನ ಊಟ ಮುಗಿಸಿ, ಬಾಗಿಲು ಮುಚ್ಚಿ, ರೆಕಾರ್ಡಿಂಗ್ ಹಾಕಿದೆ. ಈ ಹುಡುಗಿ ಪಾಸಾಗಲಿ ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ನನ್ನ ಬಗ್ಗೆ ನನಗೇ ಅನುಮಾನ ಬಂದು ಪಕ್ಕದಲ್ಲಿ ರೂಬ್ರಿಕ್ ತೆರೆದಿಟ್ಟುಕೊಂಡು ಕೂತೆ.

ಕೆಳಗಿನ ಬೀದಿಯಲ್ಲಿ ಕೈಗಾಡಿಯವರ ಕೂಗು. ಒಳಗೆ ಅಜ್ಜಿ ಏನೋ ಕುಟ್ಟುತ್ತಿರುವ ಸದ್ದು. ನಾನು ಇವತ್ತು ಕನ್ನಡದಲ್ಲಿ ಮಾತಾಡುತ್ತೇನೆ, ನೀನು ನಗಬೇಡ ಎಂದು ಹುಡುಗಿ ಶುರುಮಾಡಿದಳು. ಒಂದೊಂದು ಪದಕ್ಕೂ ನಿಂತು, ನೀರಿಗೆ ಕಾಲಿಡುವವರ ಹಾಗೆ ಮುಂದಿನದಕ್ಕೆ ಹೋಗುತ್ತಿದ್ದಳು. ನಾನು ತರಗತಿಯಲ್ಲಿ ಕಲಿಸಿದ ಕನ್ನಡ ಅದರಲ್ಲಿ ಒಂದು ಚೂರೂ ಇರಲಿಲ್ಲ. ಇದ್ದದ್ದೆಲ್ಲ ಅಜ್ಜಿಯದು, ಬಾಗಲಕೋಟೆಯದು. ಇಷ್ಟು ವರ್ಷ ಕೇಳಿ ಒಳಗೆ ಇಟ್ಟುಕೊಂಡಿದ್ದಳು.

ಅಜ್ಜಿ ನಗಲಿಲ್ಲ. ಕುಟ್ಟುವುದು ನಿಂತಿತು.

"ಯಾಕವಾ, ಹಿಂಗ ಮಾತಾಡಾಕತ್ತಿ? ನನ್ನ ಮ್ಯಾಲೆ ಸಿಟ್ಟೇನು?"

ಪರೀಕ್ಷೆ ಎಂದು ಹುಡುಗಿ ವಿವರಿಸಿದಳು. ಮೊದಲ ಸಲ ಫೇಲಾದದ್ದನ್ನೂ ಹೇಳಿದಳು. ಫೇಲ್ ಮಾಡಿದ ಮೇಷ್ಟ್ರಿಗೆ ಅಜ್ಜಿ ಒಂದೆರಡು ಮಾತು ಅಂದರು. ಆ ಪದಗಳನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಮೊಮ್ಮಗಳ ತಿಣುಕಾಟ ನೋಡಲಾರದೆ ಅಜ್ಜಿ ಆಮೇಲೆ ತಾವೇ ತಮಿಳಿಗೆ ಇಳಿದರು. ಅವರ ತಮಿಳು ಬಾಗಿಲಿಗೆ ಬರುವ ಸೊಪ್ಪಿನವಳಿಂದ ಕಲಿತದ್ದು. ಬೇಡ, ಜಾಸ್ತಿ, ನಾಳೆ ಬಾ, ಹೆಚ್ಚುಕಡಿಮೆ ಅಷ್ಟರಲ್ಲೇ ಮುಗಿಯುತ್ತಿತ್ತು. ನೀನು ತಮಿಳು ಬಿಡು ಅಜ್ಜಿ, ನಾನೇ ಹೇಳುತ್ತೇನೆ ಎಂದು ಹುಡುಗಿ ತಡೆದಳು. ಮತ್ತೆ ಮುಂದುವರಿಸಿದಳು, ಅಜ್ಜಿಯ ಕುಟ್ಟುವ ಸದ್ದೂ ಮತ್ತೆ ಶುರುವಾಯಿತು. ಕ್ರಿಯಾಪದಗಳು ಸಿಕ್ಕಾಪಟ್ಟೆ ತಪ್ಪಿದ್ದವು. ಹಸುವನ್ನು 'ಅವನು' ಮಾಡಿದಳು, ನಿನ್ನೆಯನ್ನು ನಾಳೆ ಮಾಡಿದಳು. ಆದರೂ ಬಿಡಲಿಲ್ಲ.

ನಾನು ಒಂದು ಕಣ್ಣು ಗಡಿಯಾರದ ಮೇಲಿಟ್ಟು ಅಂಕ ಕೂಡುತ್ತಿದ್ದೆ. ಸರಾಗಕ್ಕೆ ಕಡಿಮೆ, ಪದಗಳಿಗೆ ಸುಮಾರು, ಕೇಳಿ ತಿಳಿಯುವುದಕ್ಕೆ ಪೂರ್ತಿ. ಷರತ್ತು ಪೂರೈಸುವಷ್ಟು ಕನ್ನಡವೂ ಆಯಿತು. ಪಾಸಾದಳು. ಇನ್ನೂ ಸ್ವಲ್ಪ ರೆಕಾರ್ಡಿಂಗ್ ಉಳಿದಿತ್ತು. ಅದನ್ನು ಕೇಳದಿದ್ದರೂ ನಡೆಯುತ್ತಿತ್ತು. ಖುಷಿಯಲ್ಲಿ ಅದು ಓಡುತ್ತಿರಲಿ ಎಂದು ಬಿಟ್ಟು, ಕಾಫಿ ಬಿಸಿ ಮಾಡಿಕೊಳ್ಳಲು ಎದ್ದೆ.

ಇದುವರೆಗೆ ಕೇಳದ ಪ್ರಶ್ನೆಯನ್ನು ಅವಳು ಆಗ ಕೇಳಿದಳು.

"ಅಜ್ಜಿ, ನಾ ತಮಿಳಿನಾಗ ಮಾತಾಡಿದ್ರ ನಿನಗ ಎಲ್ಲಾ ತಿಳೀತೈತಲ್ಲ?"

"ಎಲ್ಲಾ ಎಲ್ಲಿ ತಿಳೀತೈತವಾ," ಎಂದರು ಅಜ್ಜಿ, ಕುಟ್ಟುತ್ತಲೇ. "ನೀ ನಗತಿ, ನಾನೂ ನಗತೀನಿ."

ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಅಜ್ಜಿಗೆ ಅದು ದೊಡ್ಡ ವಿಷಯವೆಂದು ಅನ್ನಿಸಿದ ಹಾಗಿರಲಿಲ್ಲ, ಒನಕೆಯ ಪೆಟ್ಟು ಒಂದೂ ತಪ್ಪಲಿಲ್ಲ. ಮಾತು ಬೇರೆ ಕಡೆ ತಿರುಗಿಸಲೋ ಏನೋ, ಇಷ್ಟೊಂದು ಚಟ್ನಿಪುಡಿ ಯಾಕೆ ಎಂದು ಹುಡುಗಿ ಕೇಳಿದಳು. ನಿನಗೇ, ಒಯ್ಯುವುದಕ್ಕೆ ಎಂದರು ಅಜ್ಜಿ. ಆಫೀಸಿಗೆ ಇಷ್ಟೊಂದಾ ಎಂದಳು. ಕೆಡುವುದಿಲ್ಲ, ಶೇಂಗಾ ಚೆನ್ನಾಗಿ ಹುರಿದಿದ್ದೇನೆ, ಹಬ್ಬದವರೆಗೆ ಬರುತ್ತದೆ ಎಂದರು. ಆಮೇಲೆ ಕುಟ್ಟುವುದನ್ನು ನಿಲ್ಲಿಸಿದರು.

"ನಾ ಒಂದ ಕೇಳ್ಲೇನು? ಆ ಅಂಬತ್ತೂರಿನಿಂದ ವರ್ಷಕ್ಕ ಎಷ್ಟ ಸಲ ಮನೀಗೆ ಬಿಡ್ತಾರ ನಿನ್ನ?"

ಸೌಕಾರ್‌ಪೇಟೆಯಿಂದ ಅಂಬತ್ತೂರಿಗೆ ಲೋಕಲ್ ಟ್ರೈನಿನಲ್ಲಿ ಮುಕ್ಕಾಲು ಗಂಟೆ. ಅಜ್ಜಿಗೆ ಅಂದು ಆ ಇಂಟರ್‌ವ್ಯೂ ಕತೆಯಲ್ಲಿ ತಿಳಿದದ್ದು ಕೆಲಸ, ಊರಿನ ಹೆಸರು, ಟ್ರೈನು, ಮೂರೇ. ಅಷ್ಟನ್ನು ಹಿಡಿದುಕೊಂಡು ಒಂದು ತಿಂಗಳು ಯಾರ ಹತ್ತಿರವೂ ಬಾಯಿಬಿಡದೆ ಶೇಂಗಾ ಹುರಿದಿದ್ದರು. ನಾನು ಮೊದಲ ಸಲ ಕೇಳಿ ನಕ್ಕು, ಕೂದಲೆಳೆಯಷ್ಟೂ ಅಂತರವಿಲ್ಲ ಎಂದುಕೊಂಡಿದ್ದ ಮಾತುಕತೆ ಅದು.

"ದಿನಾ ಬರ್ತೀನಿ ಅಜ್ಜಿ," ಎಂದಳು ಹುಡುಗಿ. "ದಿನಾ ಸಂಜೀಕ ಬರ್ತೀನಿ. ಇಲ್ಲೇ ಐತಿ."

ಅಜ್ಜಿ ಒನಕೆ ಕೆಳಗಿಟ್ಟ ಸದ್ದಾಯಿತು. ಕೆಳಗೆ ಕೈಗಾಡಿಯವನೊಬ್ಬ ದಾರಿ ಬಿಡಿ ಎಂದು ಕೂಗಿಕೊಂಡು ಹೋದ. ಹುಡುಗಿ ಅಳುತ್ತಿದ್ದಳು ಎಂದು ಅವಳ ಮುಂದಿನ ಮಾತಿನಿಂದ ಗೊತ್ತಾಯಿತು.

"ಹೇಳಿದ್ನಲ್ಲ ಅಜ್ಜಿ."

"ಹೇಳಿದ್ದಿ," ಎಂದರು ಅಜ್ಜಿ. "ತಮಿಳಿನಾಗ ಹೇಳಿದ್ದಿ."